ನೀರು ತುಂಬುವ ಹಬ್ಬಕ್ಕೆ ಮುನ್ನ: ಬಚ್ಚಲ ಸಂದಿನ ಕರಿ ಬೂಷ್ಟು

ದೀಪಾವಳಿ ಹತ್ತಿರ ಬಂತೆಂದರೆ ಮನೆಯ ಹಿರಿಯ ಹೆಂಗಸರ ಕಣ್ಣು ಮೊತ್ತಮೊದಲು ಹೋಗುವುದು ಬಚ್ಚಲಿನ ಕಡೆಗೆ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬುವ ಸಂಪ್ರದಾಯ ಕಾಸರಗೋಡು ಸೀಮೆಯಲ್ಲಿರುವಂತೆ ನಮ್ಮ ಆದೋನಿ ಸೀಮೆಯ ಕನ್ನಡ ಮನೆಗಳಲ್ಲಿಯೂ ಇದೆ. ಹಂಡೆಯ ಜಾಗಕ್ಕೆ ಗೀಸರು ಬಂದಿದೆ, ಕಲ್ಲುಚಪ್ಪಡಿಯ ಜಾಗಕ್ಕೆ ಟೈಲ್ಸು ಬಂದಿದೆ. ಆದರೂ ನೀರು ತುಂಬುವ ಹಬ್ಬ ಬಿಟ್ಟುಹೋಗಿಲ್ಲ. ಆ ಹಬ್ಬದ ನೆವದಲ್ಲಿ ಒಂದು ಸಣ್ಣ ವಿಷಯವನ್ನು ವಾಚಕರ ಮುಂದಿಡಬೇಕೆಂದಿದ್ದೇವೆ. ಸಣ್ಣದೆಂದು ನಾವೂ ಅದನ್ನು ಬಹಳ ದಿನ ಅಲಕ್ಷ್ಯ ಮಾಡಿದ್ದೆವು. ಅದರ ದಂಡ ತೆತ್ತವರು ನಮ್ಮ ತಾಯಿಯವರು.

ನಾವು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳುವವರು. ಮನೆ ಆದೋನಿಯಲ್ಲಿ, ಹಳಬರ ಬಾಯಲ್ಲಿ ಅದು ಇನ್ನೂ ಆದವಾನಿಯೇ. ಆದೋನಿ, ಆಲೂರು ತಾಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯವಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗದೊಡನೆ ಅವು ಅತ್ತ ಸೇರಿದವು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಹೀಗೆ ನಾವೂ ನೀವೂ ಒಂದೇ ಪಂಕ್ತಿಯವರು. ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ನಮ್ಮ ಜತೆಗಿದ್ದ ಮಿತ್ರರೊಬ್ಬರು ಈಗ ಕಾಸರಗೋಡು ಜಿಲ್ಲೆಯಲ್ಲಿ ಉಪಾಧ್ಯಾಯರಾಗಿದ್ದಾರೆ. ಅವರು ಕಳುಹಿಸಿಕೊಡುವ ಈ ಪತ್ರಿಕೆಯ ಮೂಲಕವೇ ನಿಮ್ಮ ಪರಿಚಯ ನಮಗೆ ಆದದ್ದು.

ಗೆರೆ ಹುಟ್ಟಿದ ಬಗೆ

ಆದೋನಿ ಒಣ ಸೀಮೆ. ಕರ್ನೂಲು ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು. ಕಾಸರಗೋಡಿನಲ್ಲಿ ಅದರ ಐದು ಪಾಲು, ಸುಮಾರು 3500 ಮಿಲಿಮೀಟರು. ಇಂಥ ಊರಿನಲ್ಲಿ ಬೂಷ್ಟು ಹಿಡಿಯುವುದೆಂದರೆ ನಗುವ ಮಾತು ಎಂದು ನಾವು ತಿಳಿದಿದ್ದೆವು. ಹೊಸ ಮನೆ ಕಟ್ಟಿಸಿದಾಗ ಬಚ್ಚಲನ್ನು ಈಗಿನ ಪದ್ಧತಿಯಂತೆ ಮನೆಯ ನಡುವೆಯೇ ಮಾಡಿಸಿದೆವು. ಗೋಡೆಗೆ ಟೈಲ್ಸು, ಮೂಲೆಯಲ್ಲಿ ಕೈತೊಳೆಯುವ ಬೇಸಿನ್ನು, ಅಡಿಗೆಮನೆಯಲ್ಲಿ ಗ್ರಾನೈಟ್ ಕಟ್ಟೆ, ಕಟ್ಟೆಯೊಳಗೆ ಉಕ್ಕಿನ ಸಿಂಕು. ಬೇಸಿನ್ನು ಗೋಡೆಗೆ ಕೂಡುವ ಸಂದಿಗೂ, ಸಿಂಕು ಕಲ್ಲಿಗೆ ಕೂಡುವ ಸಂದಿಗೂ ಮೇಸ್ತ್ರಿಯು ಬಿಳಿಯ ಮೇಣದಂಥ ಒಂದು ಪಟ್ಟಿಯನ್ನು ಎಳೆದುಕೊಟ್ಟನು. ಇದೇ ಸಿಲಿಕೋನ್ ಸೀಲೆಂಟು. ಕೊಳವೆಯಿಂದ ಮೆದುವಾಗಿ ಹೊರಬಂದು, ಗಾಳಿಯ ತೇವವನ್ನು ಹೀರಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ನೀರು ಸಂದಿಯೊಳಗೆ ಇಳಿಯದಂತೆ ತಡೆಯುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರವಾಗಿದ್ದುದರಿಂದ ಆತನು ಗೋಡೆ ಒಣಗುವವರೆಗೆ ಕಾಯಲಿಲ್ಲ. ಕಾಯಬೇಕೆಂದು ನಮಗೂ ತಿಳಿದಿರಲಿಲ್ಲ.

ಒಂದು ವರ್ಷ ತುಂಬುವಷ್ಟರಲ್ಲಿ ಆ ಬಿಳಿ ಪಟ್ಟಿಯ ಮೇಲೆ ಸಾಸಿವೆ ಎರಚಿದಂತೆ ಕರಿ ಚುಕ್ಕೆಗಳು ಎದ್ದವು. ಎರಡನೆಯ ವರ್ಷಕ್ಕೆ ಚುಕ್ಕೆಗಳು ಕೂಡಿ ಗೆರೆಯಾದವು. ತಾಯಿಯವರು ತಿಕ್ಕುವರು, ನಾಲ್ಕು ದಿನ ಮಾಸಲಾಗಿರುವುದು, ಐದನೆಯ ದಿನ ಪುನಃ ಕಪ್ಪು. ಬೂಷ್ಟಿಗೆ ನಾವು ಬೂಸಲು ಎಂದೂ ಅನ್ನುತ್ತೇವೆ, ನಮ್ಮೂರಿನ ತೆಲುಗರು ಬೂಜು ಎನ್ನುತ್ತಾರೆ, ನಿಮ್ಮ ನೆರೆಯ ಮಲಯಾಳಿಗಳು ಪೂಪ್ಪಲ್ ಎನ್ನುತ್ತಾರೆ. ಹೆಸರುಗಳಲ್ಲಿರುವ ಸೋದರಭಾವವನ್ನು ನೋಡಿದರೆ ಇದು ದಕ್ಷಿಣದ ಎಲ್ಲ ಮನೆಗಳಿಗೂ ಹಳೆಯ ನೆಂಟನೆಂದು ತೋರುತ್ತದೆ.

ಹಬ್ಬದ ಹಿಂದಿನ ಮಧ್ಯಾಹ್ನ

ಕಳೆದ ವರ್ಷದ ದೀಪಾವಳಿ. ಅಳಿಯ ಮಗಳು ಬರುವವರಿದ್ದರು. ನೀರು ತುಂಬುವ ಹಬ್ಬದ ದಿನ ಬಚ್ಚಲಿನಲ್ಲಿ ಕರಿ ಗೆರೆ ಕಾಣಬಾರದೆಂದು ತಾಯಿಯವರು, ಎಪ್ಪತ್ತು ದಾಟಿದವರು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಬ್ಬರೇ ಬಚ್ಚಲು ತೊಳೆಯಲು ಕುಳಿತರು. ತೊಟ್ಟಿಯ ನೀರಿಗೆ ಹಾಕಲು ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯನ್ನು ಮೊದಲು ಸಂದಿನ ಮೇಲೆ ಉದುರಿಸಿದರು. ಕಪ್ಪು ಹೋಗಲಿಲ್ಲ. ಆಗ ಪಾಯಿಖಾನೆ ತೊಳೆಯುವ ಆಸಿಡ್ಡಿನ ಬಾಟಲಿಯನ್ನು ತೆಗೆದು ಅದರ ಮೇಲೆಯೇ ಸುರಿದರು. ಒಳಮನೆಗೆ ವಾಸನೆ ಬರಬಾರದೆಂದು ಬಾಗಿಲನ್ನು ಮುಂದಕ್ಕೆ ಹಾಕಿಕೊಂಡಿದ್ದರು.

ಕೆಮ್ಮಿನ ಸದ್ದಿಗೆ ನಾವು ಎಚ್ಚತ್ತೆವು. ಬಾಗಿಲು ತೆಗೆದಾಗ ಕಣ್ಣಿಗೂ ಗಂಟಲಿಗೂ ಮೆಣಸಿನಕಾಯಿಯ ಘಾಟಿನಂಥ ಹೊಡೆತ. ತಾಯಿಯವರು ನೆಲದ ಮೇಲೆ ಕೈಯೂರಿ ಕುಳಿತಿದ್ದರು, ಏಳಲು ಆಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಎತ್ತಿ ಅಂಗಳಕ್ಕೆ ತಂದೆವು. ಆ ರಾತ್ರಿಯನ್ನು ಅವರು ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆಯೊಂದಿಗೆ ಕಳೆದರು. ನಮ್ಮ ಮನೆಯಲ್ಲಿ ಆ ವರ್ಷ ನೀರು ತುಂಬಲಿಲ್ಲ. ದೇವರ ದಯದಿಂದ ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಒಲೆಯ ಹೊಗೆ ತಾಗಿದರೂ ಕೆಮ್ಮು ಬರುವುದು ಹಲವು ವಾರ ಉಳಿಯಿತು.

ನಡೆದದ್ದೇನೆಂಬುದು ವಿಜ್ಞಾನದ ಮಾಸ್ತರರಿಗೆ ತಿಳಿಯದ ಸಂಗತಿಯಲ್ಲ. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಇದನ್ನು ಕರಿಹಲಗೆಯ ಮೇಲೆ ನಾವು ಎಷ್ಟೋ ವರ್ಷದಿಂದ ಬರೆಯುತ್ತ ಬಂದಿದ್ದೇವೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಎದುರು ಪಡೆಗಳ ಮೇಲೆ ಬಿಟ್ಟ ವಿಷಗಾಳಿ ಇದೇ ಕ್ಲೋರಿನ್ ಎಂದೂ ಮಕ್ಕಳಿಗೆ ಹೇಳುತ್ತೇವೆ. ಗಾಳಿಗಿಂತ ಅದು ಸುಮಾರು ಎರಡೂವರೆ ಪಟ್ಟು ಭಾರ. ಆದುದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ನಿಂತು ಸುರಿದವನಿಗಿಂತ ಕುಕ್ಕುರು ಕುಳಿತು ತಿಕ್ಕುವವರಿಗೆ ಅಪಾಯ ಹೆಚ್ಚು. ಇಷ್ಟೆಲ್ಲ ಬಲ್ಲ ನಾವು ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಬಾಟಲಿಯ ಮೇಲೆ ಎಚ್ಚರಿಕೆ ಅಚ್ಚಾಗಿತ್ತು, ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ. ತಾಯಿಯವರು ಆಲೂರು ತಾಲೂಕಿನ ಹಳ್ಳಿಯೊಂದರಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಓದಿದವರು. ಅವರಿಗೆ ಆ ಬಾಟಲಿ ಮೂಕವಾಗಿತ್ತು.

ಬೂಷ್ಟಿಗೆ ಬೇಕಾದದ್ದು ಯಾವುದು

ಆ ಬಳಿಕವೇ ನಾವು ಈ ಕರಿ ಗೆರೆಯ ವಿಚಾರವನ್ನು ಮನಸ್ಸಿಟ್ಟು ನೋಡಿದ್ದು. ಬೂಷ್ಟೆಂಬುದು ಅಣಬೆಯ ಜಾತಿಯ ಸೂಕ್ಷ್ಮ ಜೀವಿ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ಅವನ್ನು ಮನೆಯೊಳಗೆ ಬಾರದಂತೆ ತಡೆಯುವುದು ಯಾರಿಂದಲೂ ಆಗದು. ಕಣ ಮೊಳೆಯಲು ಬೇಕಾದದ್ದು ಸ್ವಲ್ಪ ಆಹಾರ, ಹಿತವಾದ ಬಿಸಿ, ಮತ್ತು ನಿಂತ ತೇವ. ಆಹಾರಕ್ಕೆ ನಮ್ಮ ಮೈಯ ಜಿಡ್ಡು, ಸಾಬೂನಿನ ಪೊರೆ, ಸಾರಿನ ಸಿಡಿತ ಇವೇ ಸಾಕು. ಸಿಲಿಕೋನನ್ನು ಅದು ತಿನ್ನಬೇಕಾಗಿಲ್ಲ. ಬಿಸಿ ನಮ್ಮ ದೇಶದಲ್ಲಿ ಎಲ್ಲ ಕಾಲಕ್ಕೂ ಉಂಟು. ನಮ್ಮ ಕೈಯಲ್ಲಿರುವುದು ತೇವ ಒಂದೇ. ಒದ್ದೆಯಾದದ್ದನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಹಿಡಿಯುವುದಿಲ್ಲವೆಂಬುದು ಈ ವಿಷಯವನ್ನು ಬಲ್ಲವರ ಅನುಭವ.

ನಮ್ಮ ಸೀಮೆಯ ರೈತನಿಗೆ ಇದು ಹೊಸ ಪಾಠವೇನಲ್ಲ. ಶೇಂಗಾ ಕಿತ್ತವನು ಕಾಯಿ ಒಣಗುವ ಮೊದಲೇ ಚೀಲ ಹೊಲಿಯುವುದಿಲ್ಲ. ಹಸಿ ಕಾಯಿಗೆ ಹಿಡಿಯುವ ಹಸುರು ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಹುಡುಕಿ ನೋಡಿದರೆ ಕಾರಣ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆದೋನಿಯ ಹತ್ತಿ ಪೇಟೆಯಲ್ಲಿಯೂ ಅಷ್ಟೆ. ಭಾರತೀಯ ಹತ್ತಿ ನಿಗಮದವರು ತೇವ ನೂರಕ್ಕೆ 8 ಇದ್ದರೆ ಪೂರ್ತಿ ಬೆಂಬಲ ಬೆಲೆ ಕೊಡುತ್ತಾರೆ. ಮೇಲೆ ಹೋದಂತೆ ಕಡಿತ. 12 ದಾಟಿತೆಂದರೆ ಕೊಳ್ಳುವುದಿಲ್ಲ. ಹತ್ತಿಯ ಅಂಡಿಗೆಗೆ ಯಂತ್ರ ಚುಚ್ಚಿ ತೇವ ಅಳೆಯುವ ಊರಿನಲ್ಲಿ ನಾವು ನಮ್ಮ ಬಚ್ಚಲಿನ ತೇವವನ್ನು ಒಂದು ದಿನವೂ ಗಮನಿಸಿರಲಿಲ್ಲ.

ಗಮನಿಸಿದಾಗ ತಿಳಿದದ್ದು ಇಷ್ಟು. ನಮ್ಮ ಬೀದಿಗೆ ನೀರು ಬರುವುದು ದಿನ ಬಿಟ್ಟು ದಿನ. ಆದುದರಿಂದ ಬಚ್ಚಲಿನಲ್ಲಿ ಎರಡು ಡ್ರಮ್ಮು, ನಾಲ್ಕು ಕೊಡ ಸದಾ ತುಂಬಿರಬೇಕು, ಯಾವುದಕ್ಕೂ ಮುಚ್ಚಳವಿಲ್ಲ. ಬೇಸಗೆಯ ಬಿಸಿಗಾಳಿಗೂ ಸೊಳ್ಳೆಗೂ ಹೆದರಿ ಗವಾಕ್ಷಿಗೆ ರಟ್ಟು ಬಡಿದಿದ್ದೆವು. ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಹೊರಗೆ ಗಾಳಿ ಒಣಗಿ ಬಿರಿಯುತ್ತಿದ್ದರೂ ನಮ್ಮ ಬಚ್ಚಲೊಳಗೆ ವರ್ಷವಿಡೀ ಆಷಾಢ ಮಾಸ!

ಮಳೆನಾಡಿನ ಬಚ್ಚಲು

ಈ ವರ್ಷ ಆಟಿ ತಿಂಗಳಲ್ಲಿ ಕಾಸರಗೋಡಿನ ಮಿತ್ರರ ಮನೆಗೆ ಹೋಗಿ ಮೂರು ದಿನ ಇದ್ದೆವು. ಮೂರು ದಿನವೂ ಮಳೆ ನಿಲ್ಲಲಿಲ್ಲ. ಒಣಹಾಕಿದ ಪಂಚೆ ಒಣಗದು, ಪುಸ್ತಕದ ರಟ್ಟು ಮೆತ್ತಗಾಗುವುದು. ಅಂಥ ಮನೆಯ ಬಚ್ಚಲು ಹೇಗಿರಬಹುದೆಂದು ಅಂಜುತ್ತಲೇ ಒಳಹೊಕ್ಕರೆ ಬೇಸಿನ್ನಿನ ಸಂದಿನ ಪಟ್ಟಿ ಬೆಳ್ಳಗಿತ್ತು. ಮೊನ್ನೆ ಹಾಕಿಸಿದ್ದೇ ಎಂದು ಕೇಳಿದೆವು. ಮೂರು ವರ್ಷವಾಯಿತು ಎಂದರು.

ಗುಟ್ಟನ್ನು ಹೇಳಿದವರು ಮಿತ್ರರ ತಾಯಿ. "ಮಳೆ ಬೀಳುವುದು ಹೊರಗೆ ಮಾರಾಯ್ರೆ, ಒಳಗೆ ನೀರು ಕೂರಿಸಿಕೊಳ್ಳುವುದು ನಾವು" ಎಂದರು. ಆ ಮನೆಯಲ್ಲಿ ಸ್ನಾನಕ್ಕೆ ಕೊನೆಗೆ ಹೋದವರು ರಬ್ಬರಿನ ವೈಪರಿನಿಂದ ಗೋಡೆಯ ನೀರನ್ನೂ ನೆಲದ ನೀರನ್ನೂ ಎಳೆದು ಬರಬೇಕು. ಬೇಸಿನ್ನಿನ ಪಕ್ಕದ ಮೊಳೆಯಲ್ಲಿ ಹಳೆ ಪಂಚೆಯ ತುಂಡೊಂದು ತೂಗುತ್ತದೆ. ರಾತ್ರಿ ಮಲಗುವ ಮೊದಲು ಸಂದನ್ನು ಅದರಿಂದ ಒರಸುತ್ತಾರೆ. ಬಚ್ಚಲಿಗೆ ಎದುರುಬದುರಾಗಿ ಎರಡು ಗವಾಕ್ಷಿ. ಹಂಡೆಯೊಲೆ ಇನ್ನೂ ಇದೆ. ಮಳೆಗಾಲದಲ್ಲಿ ಅದರ ಕಾವು ಗೋಡೆಯನ್ನು ಒಣಗಿಸುತ್ತದೆ. ನಮ್ಮ ಸೀಮೆಯ ಹಳೆಯ ಬಚ್ಚಲೂ ಹೀಗೆಯೇ ತನ್ನಷ್ಟಕ್ಕೆ ಒಣಗುತ್ತಿತ್ತು. ಹಿತ್ತಿಲಿನಲ್ಲಿ ಬೇತಂಚೆರ್ಲದ ಬಂಡೆ ಹಾಸಿ, ಮೂರು ಕಡೆ ಮೋಟುಗೋಡೆ ಎಬ್ಬಿಸಿ ಮಾಡಿದ ಆ ಬಚ್ಚಲಿಗೆ ಮೇಲೆ ಸೂರ್ಯನೇ ಇದ್ದನು. ಮಳೆನಾಡಿನವರು ಬೆಂಕಿಯಿಂದ, ಒಣನಾಡಿನವರು ಬಿಸಿಲಿನಿಂದ ಪಡೆಯುತ್ತಿದ್ದುದನ್ನು ಹೊಸ ಮನೆಯವರು ಈಗ ಕೈಯಿಂದ ಮಾಡಬೇಕಾಗಿದೆ. ವ್ಯತ್ಯಾಸ ಇಷ್ಟೇ.

ದಿನದ ಐದು ನಿಮಿಷ

ಊರಿಗೆ ಮರಳಿದ ಮೇಲೆ ನಾವು ಹಿಡಿದ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಇದಕ್ಕೆ ಯಾವ ಔಷಧವೂ ಬೇಡ.

ಸ್ನಾನ ಮುಗಿದೊಡನೆ ವೈಪರ್ ಎಳೆಯತಕ್ಕದ್ದು. ಬಳಿಕ ಸಂದುಗಳನ್ನು ಒಣಬಟ್ಟೆಯಿಂದ ಒರಸತಕ್ಕದ್ದು. ಬಟ್ಟೆಯನ್ನು ಬಚ್ಚಲಲ್ಲಿ ಮುದ್ದೆಮಾಡಿ ಬಿಡದೆ ಹೊರಗೆ ಹರವಬೇಕು. ಇಲ್ಲವಾದರೆ ಬಟ್ಟೆಗೇ ಬೂಷ್ಟು ಬರುತ್ತದೆ. ಯಾರೂ ಒಳಗಿಲ್ಲದಾಗ ಬಾಗಿಲು ತೆರೆದಿರಲಿ. ಗವಾಕ್ಷಿಗೆ ರಟ್ಟಿನ ಬದಲು ಸೊಳ್ಳೆಜಾಲರಿ ಬಡಿಯಿರಿ. ಗಾಳಿ ಹೊರದೂಡುವ ಫ್ಯಾನು ಇದ್ದವರು ಸ್ನಾನದ ಬಳಿಕವೂ ಇಪ್ಪತ್ತು ಮೂವತ್ತು ನಿಮಿಷ ಓಡಿಸಬೇಕು. ದೀಪದೊಡನೆಯೇ ಫ್ಯಾನನ್ನೂ ಆರಿಸಿಬಿಟ್ಟರೆ ಪ್ರಯೋಜನವಿಲ್ಲ. ನೀರು ಶೇಖರಿಸುವ ಡ್ರಮ್ಮಿಗೆ ಮುಚ್ಚಳವಿರಲಿ, ಸಾಧ್ಯವಾದರೆ ಅದು ಬಚ್ಚಲಿನ ಹೊರಗಿರಲಿ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರು ಹಾಕಿಸಿ. ಸಾಬೂನು, ಶಾಂಪೂ ಬಾಟಲಿಗಳನ್ನು ಸಂದಿನ ಮೇಲೆಯೇ ಇಟ್ಟರೆ ಅವುಗಳ ಬುಡದಲ್ಲಿ ನೀರು ನಿಂತು ಗೆರೆ ಅಲ್ಲಿಂದಲೇ ಶುರುವಾಗುತ್ತದೆ; ಗೋಡೆಗೆ ತಂತಿಯ ಗೂಡು ಹೊಡೆದು ಅದರಲ್ಲಿಡಿ. ವಾರಕ್ಕೊಮ್ಮೆ ಸಾಬೂನು ನೀರಿನಿಂದ ಮೆತ್ತಗಿನ ಬ್ರಷ್ಷಿನಲ್ಲಿ ಸಂದನ್ನು ತಿಕ್ಕಿ, ತೊಳೆದು, ಒರಸಿದರೆ ಬೂಷ್ಟಿಗೆ ಆಹಾರವೂ ಸಿಕ್ಕದು.

ಅಡಿಗೆಮನೆಯಲ್ಲಿ ಸಿಂಕಿನ ಹಿಂದಣ ಸಂದು, ಕಟ್ಟೆ ಗೋಡೆಗೆ ಕೂಡುವ ಸಂದು ಇವೆರಡನ್ನು ನೋಡಿಕೊಳ್ಳಬೇಕು. ಪಾತ್ರೆ ಬೋರಲು ಹಾಕುವ ಬುಟ್ಟಿಯ ನೀರು ಸಂದಿಗೆ ಇಳಿಯದೆ ಸಿಂಕಿಗೇ ಇಳಿಯುವಂತೆ ಇಡಿ. ಕುಕ್ಕರಿನ ಆವಿಗೆ ಕಿಟಕಿ ತೆರೆಯಿರಿ. ಫ್ರಿಜ್ಜಿನ ಬಾಗಿಲಿನ ರಬ್ಬರಿನ ಮಡಿಕೆಯಲ್ಲಿಯೂ ಇದೇ ಕರಿ ಚುಕ್ಕೆ ಬರುವುದುಂಟು. ಅಡಿಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರಸಿ, ಒಣಗಿಸಿದರೆ ಸಾಕು.

ಬಂದ ಬೂಷ್ಟನ್ನು ತೆಗೆಯುವ ಬಗೆ

ಚುಕ್ಕೆಗಳು ಎದ್ದಾಗಿದ್ದರೆ ಮೊದಲು ಸಾಬೂನು ನೀರು, ಬ್ರಷ್ಷು. ಅದರಿಂದ ಹೋಗದಿದ್ದರೆ ಮಾತ್ರ ದ್ರವರೂಪದ ಬ್ಲೀಚು. ಒಂದು ಲೋಟ ಬ್ಲೀಚಿಗೆ ಹದಿನಾರು ಲೋಟ ತಣ್ಣೀರು ಬೆರೆಸಿ, ಹತ್ತಿಯನ್ನು ದೀಪದ ಬತ್ತಿಯಂತೆ ಉದ್ದಕ್ಕೆ ಹೊಸೆದು ಆ ನೀರಿನಲ್ಲಿ ಅದ್ದಿ, ಸಂದಿನ ಉದ್ದಕ್ಕೂ ಒತ್ತಿ ಇಡಿ. ಬರೇ ನೀರು ಹಾಕಿದರೆ ಜಾರಿ ಹೋಗುತ್ತದೆ. ಬತ್ತಿಯಾದರೆ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಟ್ಟು, ಬತ್ತಿ ತೆಗೆದು, ಚೆನ್ನಾಗಿ ತೊಳೆದು ಒಣಗಿಸಿ. ಕೈಗೆ ರಬ್ಬರ್ ಗವಸು ಬೇಕು, ಬಾಗಿಲು ಗವಾಕ್ಷಿ ಎರಡೂ ತೆರೆದಿರಬೇಕು, ಮಕ್ಕಳೂ ಉಬ್ಬಸದವರೂ ದೂರವಿರಬೇಕು.

ಇಲ್ಲಿ ನಮ್ಮ ಮನೆಯ ಅನುಭವದಿಂದ ನಾಲ್ಕು ಮಾತು. ಬ್ಲೀಚಿಗೆ ನೀರನ್ನುಳಿದು ಬೇರಾವುದನ್ನೂ ಬೆರೆಸಕೂಡದು. ಪಾಯಿಖಾನೆಯ ಆಸಿಡ್ಡು ಮಾತ್ರವಲ್ಲ, ವಿನೆಗರ್, ನಿಂಬೆರಸ ಸೇರಿದರೂ ಕ್ಲೋರಿನ್ ಏಳುತ್ತದೆ. ಅಮೋನಿಯಾ ಇರುವ ಗಾಜು ತೊಳೆಯುವ ದ್ರವ ಸೇರಿದರೆ ಬೇರೊಂದು ವಿಷಗಾಳಿ ಏಳುತ್ತದೆ. ಒಂದನ್ನು ಬಳಸಿ ತೊಳೆಯದೆಯೇ ಅದರ ಮೇಲೆ ಇನ್ನೊಂದನ್ನು ಸುರಿಯುವುದೂ ಬೆರೆಸಿದಂತೆಯೇ. ಒಂದು ವೇಳೆ ಘಾಟು ಎದ್ದರೆ ಸ್ವಚ್ಛಮಾಡುವ ಗೊಡವೆಗೆ ಹೋಗದೆ ಕೂಡಲೇ ಹೊರಗೆ ಬಯಲಿಗೆ ಬನ್ನಿ. ಕಣ್ಣು ಉರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಉಸಿರಿಗೆ ತೊಂದರೆಯಾದರೆ 108ಕ್ಕೆ ಕರೆಮಾಡಿ. ಆಗಿನ ಮಟ್ಟಿಗೆ ಸರಿಹೋದಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಉಸಿರಾಟ ಕೆಡುವುದುಂಟು. ಆದುದರಿಂದ ವೈದ್ಯರಿಗೆ ತೋರಿಸಲೇಬೇಕು.

ಇನ್ನೊಂದು ಮಾತು. ಕಡಪ ಕಲ್ಲು, ಬೇತಂಚೆರ್ಲದ ಬಂಡೆ ಇವು ಸುಣ್ಣಕಲ್ಲಿನ ಜಾತಿಯವು. ಆಸಿಡ್ಡು, ವಿನೆಗರ್, ನಿಂಬೆ ಬಿದ್ದರೆ ಕಲ್ಲು ಕೊರೆದು ಮಂಕಾಗುತ್ತದೆ. ಕೊರೆದಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಬೂಷ್ಟು ಬರುತ್ತದೆ. ಬಿಳುಪಾಗಲೆಂದು ಮಾಡಿದ ಕೆಲಸ ಕಪ್ಪಿಗೇ ದಾರಿಯಾಗುತ್ತದೆ.

ಪಟ್ಟಿಯನ್ನು ಹೊಸದಾಗಿ ಹಾಕುವಾಗ

ಬೂಷ್ಟು ಸಿಲಿಕೋನಿನ ಒಳಕ್ಕೆ ಬೇರೂರಿದ್ದರೆ ಎಷ್ಟು ತಿಕ್ಕಿದರೂ ಕಲೆ ಹೋಗದು. ಅಂಥಲ್ಲಿ ಹಳೆಯ ಪಟ್ಟಿಯನ್ನು ತೆಗೆದು ಹೊಸದನ್ನು ಹಾಕುವುದೇ ದಾರಿ. ಹಳೆಯದರ ಮೇಲೆಯೇ ಹೊಸದನ್ನು ಎಳೆದರೆ ಅದು ಅಂಟುವುದಿಲ್ಲ. ಅಡಿಯ ಬೂಷ್ಟು ಮುಚ್ಚಿದ ಕೆಂಡದಂತೆ ಉಳಿಯುತ್ತದೆ.

ಬ್ಲೇಡಿನಿಂದ ಎರಡೂ ಅಂಚನ್ನು ಕೊಯ್ದು ಪಟ್ಟಿಯನ್ನು ಕಿತ್ತುತೆಗೆಯಿರಿ. ಉಳಿದ ಚೂರುಗಳನ್ನು ಕೆರೆದು, ಸಂದನ್ನು ತೊಳೆದು, ಸ್ಪಿರಿಟಿನಿಂದ ಒರಸಿ. ಬಳಿಕ ಒಂದು ಹಗಲು ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ನಮ್ಮ ಮನೆಯಲ್ಲಿ ಮೊದಲ ಸಲ ತಪ್ಪಿದ್ದು ಈ ಒಂದು ಹೆಜ್ಜೆ. ಅಂಗಡಿಯಲ್ಲಿ ಕೇಳುವಾಗ ಬೂಷ್ಟುನಿರೋಧಕ ಮದ್ದು ಸೇರಿದ ಸ್ಯಾನಿಟರಿ ಸಿಲಿಕೋನ್ ಎಂದೇ ಕೇಳಿ. ಹಾಕುವಾಗ ವಿನೆಗರಿನ ವಾಸನೆ ಬರುವ ಜಾತಿಯೊಂದಿದೆ. ಟೈಲ್ಸಿಗೆ ಅದು ಸಲ್ಲುತ್ತದೆ, ಆದರೆ ಕಡಪ ಕಲ್ಲಿಗೂ ಅಮೃತಶಿಲೆಗೂ ಅದನ್ನು ತಾಗಿಸಬಾರದು. ಅಲ್ಲಿಗೆ ನ್ಯೂಟ್ರಲ್ ಎಂಬ ಜಾತಿ ಬೇಕು. ಗ್ರಾನೈಟಿಗೂ ಅದೇ ಒಳ್ಳೆಯದು.

ಸಂದಿನ ಎರಡೂ ಬದಿಗೆ ಕಾಗದದ ಟೇಪು ಅಂಟಿಸಿ, ಕೊಳವೆಯ ತುದಿಯನ್ನು ಓರೆಯಾಗಿ ಕೊಯ್ದು, ನಡುವೆ ನಿಲ್ಲಿಸದೆ ಒಂದೇ ಎಳೆಯಲ್ಲಿ ತುಂಬಿ. ಗವಸು ಹಾಕಿದ ಬೆರಳನ್ನು ಸಾಬೂನು ನೀರಿನಲ್ಲಿ ಅದ್ದಿ ಐದು ನಿಮಿಷದೊಳಗೆ ನುಣುಪು ಮಾಡಿ, ಟೇಪು ಕೀಳಿ. ಪಟ್ಟಿ ನೀರು ಜಾರುವಂತೆ ಇಳಿಜಾರಾಗಿರಬೇಕು, ಗುಳಿ ಬೀಳಬಾರದು. ದಿನವೊಂದಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ದಪ್ಪ ಮಾತ್ರ ಗಟ್ಟಿಯಾಗುವುದರಿಂದ ಕಡಿಮೆಯೆಂದರೂ 24 ಗಂಟೆ ನೀರು ತಾಗಿಸಬೇಡಿ. ಹಬ್ಬದ ಹಿಂದಿನ ದಿನ ಈ ಕೆಲಸ ಹಚ್ಚಿಕೊಳ್ಳಬಾರದೆಂಬುದಕ್ಕೆ ಇದೇ ಕಾರಣ. ಸೇರಿಸಿದ ಮದ್ದು ಕೆಲವು ವರ್ಷಗಳಲ್ಲಿ ತೊಳೆದುಹೋಗುತ್ತದೆ. ಆ ಮೇಲೆ ಕಾಯುವುದು ಹಳೆ ಪಂಚೆಯ ತುಂಡೇ.

ಗೆರೆಯಿಂದ ಗೋಡೆಗೆ

ಇಷ್ಟು ಸಣ್ಣ ಗೆರೆಗೆ ಇಷ್ಟೊಂದು ಬರೆಯಬೇಕೇ ಎಂದು ಕೆಲವರಿಗೆ ತೋರಬಹುದು. ಸಂದಿನ ಎರಡು ಚುಕ್ಕೆಗಳಿಂದ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಆ ಚುಕ್ಕೆ ಒಂದು ಸುದ್ದಿಯನ್ನು ಹೇಳುತ್ತದೆ: ಈ ಮನೆಯಲ್ಲಿ ತೇವ ನಿಂತಿದೆ ಎಂದು. ಅದನ್ನು ಕೇಳಿಸಿಕೊಳ್ಳದಿದ್ದರೆ ಗೆರೆ ಗೋಡೆಗೇರುತ್ತದೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆಗೆ ಮಹಾಪೂರ ಬಂದು ಮಂತ್ರಾಲಯಕ್ಕೂ ಕರ್ನೂಲು ಪೇಟೆಗೂ ನುಗ್ಗಿದ್ದನ್ನು ರಾಯರ ಭಕ್ತರಾದ ನಿಮ್ಮಲ್ಲಿ ಹಲವರು ಬಲ್ಲಿರಿ. ಹೊಳೆಯ ನೀರು ಕೆಲವೇ ದಿನಗಳಲ್ಲಿ ಇಳಿಯಬಹುದು. ಗೋಡೆ ಕುಡಿದ ನೀರು ಅಷ್ಟು ಬೇಗ ಇಳಿಯದು. ಅದೇ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಗ್ರಂಥ ಹೊರಡಿಸಿ, ಇಂಥ ಮನೆಗಳಲ್ಲಿರುವವರಿಗೆ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕುಗಳು ಹೆಚ್ಚೆಂದು ತಿಳಿಸಿತು.

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬಾಡಿಗೆ ಮನೆಯ ಬೂಷ್ಟಿನಿಂದ ಉಂಟಾದ ಉಸಿರಾಟದ ತೊಂದರೆಯೇ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣೆ ನಡೆಸಿದ ಅಧಿಕಾರಿಯು ತೀರ್ಪಿತ್ತರು. ಸೂಡಾನಿನಿಂದ ಬಂದಿದ್ದ ಆ ಮಗುವಿನ ತಂದೆ 2017ರಲ್ಲಿಯೇ ದೂರು ಕೊಟ್ಟಿದ್ದಾಗ ದೊರೆತ ಉತ್ತರ, ಮೇಲೆ ಬಣ್ಣ ಬಳಿಯಿರಿ ಎಂದು! ಬಳಿಕ ಆ ಮಗುವಿನ ಹೆಸರಿನಲ್ಲಿಯೇ ಅಲ್ಲಿ ಕಾನೂನಾಯಿತು. ಅಲ್ಲಿಯದು ಇಡೀ ಮನೆಗೆ ಹರಡಿದ ಬೂಷ್ಟು, ನಮ್ಮದು ಒಂದು ಸಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೆ ಬಣ್ಣ ಬಳಿದು, ಘಾಟು ಸುರಿದು, ಕಣ್ಣಿಗೆ ಕಾಣದಂತೆ ಮಾಡುವ ಬುದ್ಧಿ ಎಲ್ಲ ಕಡೆಯೂ ಒಂದೇ. ತೇವ ತೆಗೆಯದೆ ಬೂಷ್ಟು ಹೋಗದು.

ಕನ್ನಡದ ಚೀಟಿ

ಆಸ್ಪತ್ರೆಯಿಂದ ಬಂದ ಮರುದಿನ ನಾವು ನಾಲ್ಕು ಚೀಟಿಗಳನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಬಾಟಲಿಗಳಿಗೆ ಅಂಟಿಸಿದೆವು. ಒಂದರ ಮೇಲೆ, "ಇದು ಆಸಿಡ್ಡು. ಬ್ಲೀಚಿಂಗ್ ಪುಡಿಯ ಹತ್ತಿರ ತರಬೇಡಿ." ಇನ್ನೊಂದರ ಮೇಲೆ, "ನೀರಿಗೆ ಮಾತ್ರ ಬೆರೆಸಿ. ಬಾಗಿಲು ತೆರೆದಿಡಿ." ಎರಡನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟೆವು. ತಾಯಿಯವರು ಕನ್ನಡಕ ಹಾಕಿಕೊಂಡು ಎರಡನ್ನೂ ಗಟ್ಟಿಯಾಗಿ ಓದಿದರು. "ಇದನ್ನ ಮೊದಲೇ ಬರೆದಿಟ್ಟಿದ್ದರೆ ಓದುತ್ತಿದ್ದೆನಲ್ಲೋ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಿಮ್ಮ ಜಿಲ್ಲೆಯ ಅಂಗಡಿಗಳಲ್ಲಿಯೂ ಬಾಟಲಿಗಳ ಮೇಲೆ ಇಂಗ್ಲಿಷು, ಹಿಂದಿ, ಕೆಲವುದರ ಮೇಲೆ ಮಲಯಾಳ ಇರುವುದನ್ನು ಮಿತ್ರರ ಮನೆಯಲ್ಲಿ ಕಂಡೆವು. ಕನ್ನಡ ಮಾತ್ರ ಬಲ್ಲ ಅಜ್ಜಿಯರು, ಅತ್ತೆಯರು ನಿಮ್ಮ ಮನೆಗಳಲ್ಲಿಯೂ ಇದ್ದಾರೆ. ಕಂಪೆನಿಯವರು ನಮ್ಮ ಭಾಷೆಯಲ್ಲಿ ಅಚ್ಚುಹಾಕುವ ದಿನ ಬರಲಿ. ಅಲ್ಲಿಯವರೆಗೆ ಒಂದು ಪೆನ್ನು, ಒಂದು ತುಂಡು ಕಾಗದ, ಮೇಲೆ ನೀರು ತಾಗದಂತೆ ಸ್ವಲ್ಪ ಪಾರದರ್ಶಕ ಟೇಪು ಇಷ್ಟು ನಮ್ಮ ಕೈಯಲ್ಲಿಯೇ ಇದೆಯಷ್ಟೆ.

ಈ ವರ್ಷ ಕ್ಲೋರಿನ್ ಪಾಠ ಬಂದಾಗ ನಮ್ಮ ತರಗತಿಯ ಮಕ್ಕಳಿಂದ ಇಂಥ ಎರಡೆರಡು ಚೀಟಿ ಬರೆಯಿಸಿ ಮನೆಗೆ ಕಳುಹಿಸಿದೆವು. ಮರುದಿನ ಒಬ್ಬ ಹುಡುಗಿ ಬಂದು ಇನ್ನೂ ಮೂರು ಕಾಗದ ಕೇಳಿದಳು. ಯಾಕಮ್ಮ ಎಂದರೆ, ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಗಳಿಗೂ ಬರೆದುಕೊಡಬೇಕೆಂದು ಅವಳ ಅಜ್ಜಿ ಹೇಳಿದರಂತೆ.

ಈ ಸಲದ ನೀರು ತುಂಬುವ ಹಬ್ಬಕ್ಕೆ ಇನ್ನೂ ಕೆಲವು ದಿನಗಳಿವೆ. ಬಚ್ಚಲು ತೊಳೆಯಲು ಯಾರೂ ಒಬ್ಬರೇ ಬಾಗಿಲು ಹಾಕಿಕೊಂಡು ಕುಳಿತುಕೊಳ್ಳದಿರಲಿ. ಮನೆಯ ಕಿರಿಯರು ವೈಪರ್ ಹಿಡಿಯಲಿ, ಓದಬಲ್ಲವರು ಚೀಟಿ ಬರೆಯಲಿ. ನಮ್ಮ ಮನೆಯ ಸಂದು ಈಗ ಬೆಳ್ಳಗಿದೆ; ತಾಯಿಯವರು ಹಂಡೆಗೆ ಬಳಿಯಲು ಕೆಮ್ಮಣ್ಣು ತರಿಸಿಟ್ಟಿದ್ದಾರೆ. ಎಲ್ಲ ಕನ್ನಡ ಬಂಧುಗಳಿಗೆ ದೀಪಾವಳಿಯ ಶುಭಾಶಯಗಳು.